ಕೆಂಪು ಪುಸ್ತಕಗಳು ಮತ್ತಿಕೆರೆಗೆ ವಾಪಸು ಬಂದದ್ದು

ಪುಟ್ಟೀ, ಗುಂಡೂ,

ಹೋದ ಸಲ ರಜಕ್ಕೆ ಬಂದಾಗ ನೀವಿಬ್ಬರೂ ಹಾಲ್‌ನಲ್ಲಿರುವ ತಾತನ ಬೀರು ತೆಗೆದು, ಈ ಕೆಂಪು ಪುಸ್ತಕಗಳು ಯಾವಾಗ ಬಂದವು ಎಂದು ಕೇಳಿದಿರಿ. ತಾತನದು ಎಂದಷ್ಟೇ ಹೇಳಿ ನಾನು ಒಳಗೆ ಹೋದೆ. ಯಲಹಂಕದ ಚಿಕ್ಕಜ್ಜಿ ಈಗ ಯಾಕೆ ನಮ್ಮನೆಗೆ ಬರುವುದಿಲ್ಲ ಎಂದು ಪುಟ್ಟಿ ಕೇಳಿದ್ದಕ್ಕೂ ಉತ್ತರ ಕೊಡಲಿಲ್ಲ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ, ನಿಮ್ಮ ಎದುರೂ ಕೆಲವೊಮ್ಮೆ ಹಾಗೇ ಆಗುತ್ತದೆ. ಬರೆಯುವುದಾದರೆ ಬರುತ್ತದೆ. ಊರಿನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದೇನೆ, ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು.

ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಓದಿದ ಮೇಲೆ ಅಜ್ಜಿ ಇಂಥವಳೇ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ.

ನಿಮ್ಮ ತಾತ ಯಶವಂತಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಮೊಳೆ ಎಂದರೆ ಸೀಸದ ಅಕ್ಷರ. ಅವನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಬೇಕು, ಸಾಲು ಸೇರಿಸಿ ಪುಟ ಕಟ್ಟಬೇಕು. ಕಂಪ್ಯೂಟರು ಬಂದ ಮೇಲೆ ಆ ಕೆಲಸ ಹೋಯಿತು, ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತ ಉಳಿದರು. ಅಲ್ಲಿ ಒಂದು ಪದ್ಧತಿ ಇತ್ತು. ಪುಸ್ತಕ ಅಚ್ಚಾಗಿ ಹೊರಗೆ ಬಂದ ದಿನ, ಅದನ್ನು ಜೋಡಿಸಿದವನಿಗೆ ಒಂದು ಪ್ರತಿ ಸೇರುತ್ತಿತ್ತು. ಕೆಲವರು ಅದನ್ನು ಪಕ್ಕದ ಅಂಗಡಿಗೆ ಕೊಟ್ಟು ಬೀಡಿ ತೆಗೆದುಕೊಳ್ಳುತ್ತಿದ್ದರಂತೆ. ನಿಮ್ಮ ತಾತ ಒಂದನ್ನೂ ಬಿಡದೆ ಮನೆಗೆ ತಂದರು.

ದೊಡ್ಡ ಪುಸ್ತಕಗಳು ಅಲ್ಲಿ ಅಚ್ಚಾಗುತ್ತಿರಲಿಲ್ಲ. ಎಲ್ಲ ಪಿನ್ನು ಹೊಡೆದ ತೆಳು ಪುಸ್ತಕಗಳು. ಯಾವುದೋ ಊರಿನ ದೇವಿಯ ಮಹಿಮೆ, ತತ್ವಪದ, ಹಸೆಯ ಹಾಡು, ದನಕರುಗಳಿಗೆ ನಾಟಿ ಔಷಧಿ, ಹಳ್ಳಿಯ ಹುಡುಗರು ಆಡುವ ನಾಟಕದ ಮಾತು. ತಂದ ಸಂಜೆ ನನ್ನನ್ನು ಕೂರಿಸಿಕೊಂಡು ಪುಟ ತಿರುವುತ್ತಿದ್ದರು. ಇಲ್ಲಿ ನೋಡು, ಈ ಒತ್ತಕ್ಷರ ಸವೆದುಹೋಗಿತ್ತು, ಮೊಳೆ ಪೆಟ್ಟಿಗೆಯ ಬೇರೆ ಗೂಡಿನಿಂದ ತಂದು ಹಾಕಿದೆ ಎನ್ನುತ್ತಿದ್ದರು. ನನಗೆ ವ್ಯತ್ಯಾಸ ಕಾಣುತ್ತಿರಲಿಲ್ಲ, ಆದರೂ ಹೌದು ಎನ್ನುತ್ತಿದ್ದೆ. ಅವರು ಡ್ಯೂಟಿಗೆ ಹೋದ ಮೇಲೆ ನಾನೇ ತೆಗೆದು ಓದುತ್ತಿದ್ದೆ. ಅಡುಗೆಯಾದ ಮೇಲೆ, ಬಟ್ಟೆ ಒಣಹಾಕಿದ ಮೇಲೆ, ಯಾರೂ ಇಲ್ಲದಾಗ. ನಾನು ಓದುತ್ತೇನೆ ಎನ್ನುವುದು ಅವರಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಅವರು ತೀರಿಕೊಂಡ ಹನ್ನೊಂದನೆಯ ದಿನದ ಊಟವಾಯಿತು. ನೆಂಟರು ಇನ್ನೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನ ಓರಗಿತ್ತಿ, ಅಂದರೆ ತಾತನ ತಮ್ಮನ ಹೆಂಡತಿ, ನಿಮ್ಮ ಯಲಹಂಕದ ಚಿಕ್ಕಜ್ಜಿ, ಎದ್ದು ಹೋಗಿ ಬೀರು ತೆಗೆದಳು. ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು. ಒಂದು ಪುಸ್ತಕ ಎತ್ತಿ, ಧೂಳು ಕೊಡವಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಕ್ಕ, ಇವೆಲ್ಲ ಇನ್ ನಿಮಗ್ಯಾಕೆ? ನೀವೇನ್ ಓದ್ತೀರಾ. ನಮ್ಮನೇಲಿದ್ರೆ ನಾಲ್ಕ್ ಜನ ನೋಡ್ತಾರೆ."

ಕೂತಿದ್ದವರು ತಲೆ ಆಡಿಸಿದರು. ಹೌದಲ್ಲ, ಓದಿದವರ ಮನೆಯಲ್ಲಿರಲಿ ಎಂದರು ಒಬ್ಬರು. ನಾನು ಬಾಗಿಲಿನ ಹತ್ತಿರ ಸೆರಗು ಹಿಡಿದು ನಿಂತಿದ್ದೆ. ಕುಂಕುಮ ಅಳಿಸಿದ ಹಣೆ ಉರಿಯುತ್ತಿತ್ತು. ನಾನು ಓದ್ತೀನಿ ಎನ್ನುವ ಎರಡೇ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಎರಡು ದಿನ ಬಿಟ್ಟು ಮತ್ತೆ ಬಂದಳು. ಸಣ್ಣ ಪುಸ್ತಕಗಳನ್ನು ಹತ್ತು ಹದಿನೈದು ಸೇರಿಸಿ ದಪ್ಪಗೆ ಬೈಂಡು ಮಾಡಿಸುತ್ತಾಳಂತೆ, ಕೆಂಪು ರೆಕ್ಸಿನ್ ಹಾಕಿ. ಪಿನ್ನು ಮತ್ತು ಮೇಲಿನ ಬಣ್ಣದ ಹಾಳೆ ಕಿತ್ತು ಕೊಟ್ಟರೆ ಬೈಂಡಿನವನು ಬೇಗ ಮಾಡಿಕೊಡುತ್ತಾನಂತೆ. ನೀವು ಹೇಗೂ ಮನೆಯಲ್ಲೇ ಇರುತ್ತೀರಲ್ಲ ಅಕ್ಕ, ಈ ಹೊತ್ತಿನಲ್ಲಿ ಮನಸ್ಸಿಗೂ ಏನಾದರೂ ಕೆಲಸ ಬೇಕು ಎಂದಳು. ಗಂಡ ಜೋಡಿಸಿದ ಪುಸ್ತಕದ ಮುಖಪುಟವನ್ನು ಹೆಂಡತಿಯ ಕೈಯಿಂದಲೇ ಕೀಳಿಸಿದಳು. ನಾನು ಕಿತ್ತೆ. ತರಕಾರಿ ಹೆಚ್ಚುವ ಚಾಕುವಿನ ತುದಿಯಿಂದ ಒಂದೊಂದು ಪಿನ್ನು ಎಬ್ಬಿಸಿ, ಹಾಳೆ ಹರಿಯದ ಹಾಗೆ ಬಿಡಿಸಿ, ಬೇರೆ ಬೇರೆ ಅಟ್ಟಿ ಮಾಡಿ ಇಟ್ಟೆ. ಆಟೋ ತಂದು ಪುಸ್ತಕಗಳನ್ನು ತುಂಬಿಕೊಂಡು ಹೋದಳು. ಮೂಲೆಯಲ್ಲಿದ್ದ ಮುಖಪುಟಗಳನ್ನು ಕಂಡು, ಅವನ್ನು ರದ್ದಿಯವನಿಗೆ ಹಾಕಿಬಿಡಿ ಎಂದಳು.

ನಾನು ಹಾಕಲಿಲ್ಲ. ಆ ವಾರವೇ ಅಡುಗೆಮನೆಯ ಗೂಡುಗಳಲ್ಲಿದ್ದ ಹಳೆಯ ಪೇಪರು ತೆಗೆದು, ಆ ಹಾಳೆಗಳನ್ನು ಹಾಸಿದೆ. ಡಬ್ಬಿಗಳ ಕೆಳಗೆ ಹಾಸಲು ಎಲ್ಲರ ಮನೆಯಲ್ಲೂ ಪೇಪರು ಬೇಕೇ ಬೇಕಲ್ಲ. ಹಳದಿ, ಗುಲಾಬಿ, ತಿಳಿ ಹಸಿರು, ಗಟ್ಟಿ ಕಾಗದ. ಮೆಂತ್ಯದ ಡಬ್ಬಿ ಎತ್ತಿದರೆ ಅದರಡಿ ಒಂದು ದೇವಿಯ ಚಿತ್ರ, ಸಾಸಿವೆಯ ಡಬ್ಬಿ ಎತ್ತಿದರೆ ನಾಟಕದ ಹೆಸರು. ವರ್ಷ ವರ್ಷ ಅದರ ಮೇಲೆ ಹೊಸ ಪೇಪರು ಹಾಕುತ್ತಿದ್ದೆ, ಅಡಿಯಲ್ಲಿದ್ದದ್ದನ್ನು ತೆಗೆಯಲಿಲ್ಲ.

ಮುಂದಿನ ಯುಗಾದಿಗೆ ಯಲಹಂಕಕ್ಕೆ ಹೋದೆ. ಹಾಲಿನಲ್ಲಿ ಗಾಜಿನ ಶೋಕೇಸು, ಅದಕ್ಕೆ ಬೀಗ, ಒಳಗೆ ಒಂದೇ ಎತ್ತರದ ಕೆಂಪು ಪುಸ್ತಕಗಳ ಸಾಲು. ಪ್ರತಿಯೊಂದರ ಬೆನ್ನ ಮೇಲೂ ಚಿನ್ನದ ಬಣ್ಣದ ಅಕ್ಷರದಲ್ಲಿ ನನ್ನ ಮೈದುನನ ಹೆಸರು. ಒಂದು ಪುಸ್ತಕ ಕೊಡು, ಓದಿ ತಂದುಕೊಡುತ್ತೇನೆ ಎಂದು ಹೇಗೋ ಕೇಳಿದೆ. ಆ ಮಾತು ಕೇಳಲು ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅವಳು ನಕ್ಕಳು.

"ಸೆಟ್ ಒಡೆಯತ್ತೆ ಅಕ್ಕ," ಎಂದಳು.

ಒಬ್ಬಟ್ಟು ಎಲೆಯಲ್ಲೇ ಬಿಟ್ಟು ಎದ್ದೆ. ಮನೆಗೆ ಬಂದ ಮೇಲೆ ಅವಳ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು. ಆವತ್ತು ಒಂದು ತೀರ್ಮಾನ ಮಾಡಿದೆ. ಆ ಪುಸ್ತಕಗಳು ಈ ಮನೆಗೆ ಬರಬೇಕು. ಕೇಳಿ ತರಬಾರದು. ಅವಳೇ ಹೊತ್ತು ತರಬೇಕು. ಹೇಗೆ ಎನ್ನುವುದು ಗೊತ್ತಿರಲಿಲ್ಲ. ಆದರೆ ಸಾರು ಕುದಿಯುವಾಗ, ದೇವರ ಪಾತ್ರೆ ತೊಳೆಯುವಾಗ, ಅದನ್ನೇ ನೆನೆಯುತ್ತಿದ್ದೆ. ಜಪದ ಹಾಗೆ ಎಂದರೆ ತಪ್ಪಾಗುತ್ತದೆ, ಆದರೆ ಹಾಗೇ ಇತ್ತು.

ವರ್ಷಗಳು ಹೋದವು. ಈಚೆಗೆ ಒಂದು ಮಧ್ಯಾಹ್ನ ನಿಮ್ಮ ಯಲಹಂಕದ ಅಕ್ಕ, ಓರಗಿತ್ತಿಯ ಮೊಮ್ಮಗಳು, ಫೋನು ಮಾಡಿದಳು. ಆ ಹುಡುಗಿ ಎಂ.ಎ. ಓದುತ್ತಿದ್ದಳಲ್ಲ. ಸಣ್ಣ ಪ್ರೆಸ್ಸುಗಳಲ್ಲಿ ಅಚ್ಚಾದ ಜನಪ್ರಿಯ ಪುಸ್ತಕಗಳ ಮೇಲೆ ಪ್ರಾಜೆಕ್ಟು ಮಾಡುತ್ತಿದ್ದಾಳೆ, ಅದಕ್ಕೆ ಶೋಕೇಸಿನ ಪುಸ್ತಕಗಳನ್ನೇ ನೆಚ್ಚಿಕೊಂಡಿದ್ದಾಳೆ. ಅಂಥವು ಯಾವ ಲೈಬ್ರರಿಯಲ್ಲೂ ಸಿಗಲಿಲ್ಲವಂತೆ. ಬರೆದದ್ದೆಲ್ಲ ಆಗಿದೆ. ಕೊನೆಯಲ್ಲಿ ಗ್ರಂಥಋಣ ಎಂದು ಒಂದು ಪಟ್ಟಿ ಕೊಡಬೇಕು. ಯಾವ ಪುಸ್ತಕ, ಬರೆದವರು ಯಾರು, ಪ್ರಕಾಶಕರು ಯಾರು, ಯಾವ ಊರು, ಯಾವ ಇಸವಿ, ಎಷ್ಟು ಪುಟ, ಎಲ್ಲ ಇರಬೇಕು. ಅದಿಲ್ಲದ ಪುಸ್ತಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಅವಳ ಗೈಡು ಹೇಳಿದ್ದಾರೆ. ಇವಳು ಕೆಂಪು ಪುಸ್ತಕ ತೆಗೆದು ನೋಡುತ್ತಾಳೆ, ಒಂದರಲ್ಲೂ ಏನೂ ಇಲ್ಲ. ದೇವರ ಸ್ತುತಿಯಿಂದ ಶುರುವಾಗಿ ಮಂಗಳದಲ್ಲಿ ಮುಗಿಯುತ್ತದೆ, ಅದರ ಬೆನ್ನಿಗೇ ಮುಂದಿನ ಪುಸ್ತಕ.

ಅಂಥ ಪುಸ್ತಕಗಳಲ್ಲಿ ಒಳಗೆ ಹೆಸರಿನ ಹಾಳೆ ಬೇರೆ ಇರುವುದಿಲ್ಲ, ಮಕ್ಕಳೇ. ಕಾಗದ ಉಳಿಸಲು ಬರೆದವರ ಹೆಸರು, ಪ್ರಕಾಶಕರು, ಪ್ರೆಸ್ಸು, ಇಸವಿ, ಬೆಲೆ, ಎಲ್ಲವನ್ನೂ ಹೊರಗಿನ ಬಣ್ಣದ ಹಾಳೆಯ ಮೇಲೇ ಅಚ್ಚು ಹಾಕುತ್ತಿದ್ದರು. ಓದಿದವಳು ಅದನ್ನೇ ಕೀಳಿಸಿದ್ದಳು.

"ಮುಖಪುಟ ಎಲ್ಲಿ ಅಂತ ಅಜ್ಜೀನ ಕೇಳಿದೆ," ಎಂದಳು ಹುಡುಗಿ. ಅಳು ಬರುವ ಹಾಗಿತ್ತು. "ಮತ್ತಿಕೆರೆ ಅಜ್ಜಿ ರದ್ದಿಗೆ ಹಾಕ್ಬಿಟ್ಟಿರ್ತಾರೆ, ಅವ್ರಿಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ ಅಂದ್ರು. ನಿಜಾನಾ ಅಜ್ಜಿ?"

ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಮೆಂತ್ಯದ ಡಬ್ಬಿ ಎತ್ತಿ, ಪೇಪರಿನ ಮೂಲೆ ಮಡಿಸಿ ನೋಡಿದೆ. ದೇವಿ ಕೂತಿದ್ದಳು, ಡಬ್ಬಿಯ ಎಣ್ಣೆ ಜಿಡ್ಡಿನ ವೃತ್ತದೊಳಗೆ.

"ಅವೆ ಕಣವ್ವ. ಒಂದೂ ಓಗಿಲ್ಲ," ಎಂದೆ.

ಈಗಲೇ ಬರುತ್ತೇನೆ ಎಂದಳು. ಆ ಮಗುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವಳು ನನ್ನ ಕೈಯ ಮುದ್ದೆ ಉಪ್ಸಾರು ತಿಂದು ಬೆಳೆದವಳು. ಪಟ್ಟಿ ಕೊಡುವ ದಿನದ ಒಳಗೆ ಎಲ್ಲವೂ ನಿನ್ನ ಕೈ ಸೇರುತ್ತದೆ, ಹೆದರಬೇಡ ಎಂದೆ. ಆದರೆ ನೀನು ಬರುವುದು ಬೇಡ. ಮುಖಪುಟಗಳು ಬಿಡಿಬಿಡಿಯಾಗಿವೆ, ಯಾವುದು ಯಾವ ಪುಸ್ತಕದ್ದು ಎಂದು ಪಿನ್ನಿನ ತೂತು ನೋಡಿ ಹೊಂದಿಸಬೇಕು. ಅದಕ್ಕೆ ಪುಸ್ತಕ ಎದುರಿಗಿರಬೇಕು.

"ನಿಮ್ಮಜ್ಜೀನ ಕಳ್ಸು. ಬರೋವಾಗ ಒಂದ್ ಕೆಂಪ್ ಪುಸ್ತಕ ತರ್ಲಿ. ಒಂದ್ ಸಲಕ್ಕೆ ಒಂದೇ, ಕಲ್ಸಿಬಿಟ್ರೆ ಕಷ್ಟ."

ಅಷ್ಟು ಉದ್ದದ ಮಾತನ್ನು ನಾನು ತಡವರಿಸದೆ ಹೇಳಿದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಮೊದಲ ದಿನ ಅವಳು ಕ್ಯಾಬಿನಲ್ಲಿ ಬಂದು ಇಳಿದಳು. ತಾತ ತೀರಿಕೊಂಡ ಮೇಲೆ ಈ ಮನೆಗೆ ಬಂದದ್ದು ಬೆರಳಲ್ಲಿ ಎಣಿಸುವಷ್ಟು. ಒಂದು ಕೈಯಲ್ಲಿ ಸ್ವೀಟಿನ ಡಬ್ಬ, ಇನ್ನೊಂದು ಕೈಯ ಚೀಲದಲ್ಲಿ ಕೆಂಪು ಪುಸ್ತಕ. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡೆ ಅಕ್ಕ, ಒಂದು ಗಂಟೆ ಅಲ್ಲೇ ಆಯಿತು ಎನ್ನುತ್ತ ಕೂರಲು ಜಾಗ ಹುಡುಕಿದಳು. ಮನೆಯಲ್ಲಿ ಗಟ್ಟಿಯಾಗಿರುವುದು ಒಂದೇ ಕುರ್ಚಿ. ಅದರ ಮೇಲೆ ಒಗೆದ ಬಟ್ಟೆ ರಾಶಿ ಹಾಕಿದ್ದೆ. ಬೇಕೆಂದೇ ಹಾಕಿದ್ದೆ. ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿತ್ತು. ಗೋಡೆ ಹಿಡಿದುಕೊಂಡು, ಮಂಡಿ ಹಿಡಿದುಕೊಂಡು ಕೂತಳು. ಕಾಫಿ ಕೊಟ್ಟೆ. ಕಾಫಿಯಲ್ಲಿ ನಾನು ಯಾರಿಗೂ ಕೊರತೆ ಮಾಡುವುದಿಲ್ಲ.

ಮಸಾಲೆಯ ಗೂಡಿನಿಂದ ಡಬ್ಬಿಗಳನ್ನು ಇಳಿಸಿ, ಮೊದಲ ಹಾಳೆ ಎಳೆದೆ. ಅವಳು ಕೈ ಚಾಚಿದಳು.

"ಕೊಡಿ ಅಕ್ಕ, ನಾನೇ ನೋಡ್ಕೊಂಡ್ ಬರ್ಕೋತೀನಿ."

"ಬ್ಯಾಡ. ಅರಿಶಿನ ಮೆತ್ಕೊಂಡೈತೆ, ನಿನ್ ಕೈ ಕೊಳೆ ಆಯ್ತದೆ. ನಾನ್ ಓದ್ತೀನಿ, ನೀನ್ ಬರ್ಕೊ."

ಅವಳು ನನ್ನ ಮುಖ ನೋಡಿದಳು. ನಾನು ಹಾಳೆ ನೋಡಿದೆ. ಶಾಲೆ ಬಿಟ್ಟ ಮೇಲೆ ಒಬ್ಬರ ಎದುರು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಮೊದಲ ಸಾಲಿನಲ್ಲಿ ದನಿ ನಡುಗಿತು. ಆಮೇಲೆ ನಮ್ಮ ಮೇಷ್ಟ್ರು ಉಕ್ತಲೇಖನ ಕೊಡುತ್ತಿದ್ದ ಧಾಟಿ ನೆನಪಾಯಿತು. ಒಂದೊಂದು ಪದ ಬಿಡಿಸಿ, ಎರಡೆರಡು ಸಲ. ಬರೆದವರು. ಪ್ರಕಾಶಕರು. ಪ್ರೆಸ್ಸು ಇರುವ ಬೀದಿ. ಬೆಲೆ. ಅವಳು ಬೆಲೆಯನ್ನು ಬಿಟ್ಟಳು. ಬೆಲೆ ಬರೆದುಕೊ ಎಂದೆ. ಅದು ಬೇಕಾಗಿಲ್ಲ ಅಕ್ಕ ಎಂದಳು. ಹುಡುಗಿ ಬೇಕು ಎಂದಿದ್ದಾಳೆ ಎಂದೆ. ಹುಡುಗಿ ಹಾಗೆ ಹೇಳಿರಲಿಲ್ಲ.

ಒಂದು ಹಾಳೆಯ ಮೇಲೆ ಇಸವಿ ಇರಲಿಲ್ಲ, ನಳ ಸಂವತ್ಸರದ ಯುಗಾದಿ ಎಂದಷ್ಟೇ ಇತ್ತು. ಅದು ಯಾವ ಇಸವಿಯೋ ನನಗೆ ತಿಳಿಯಲಿಲ್ಲ. ಅವಳು ಫೋನಿನಲ್ಲಿ ಹುಡುಕಿ ಬರೆದುಕೊಂಡಳು. ಅದನ್ನು ಇಲ್ಲಿ ಹೇಳುತ್ತಿರುವುದು ಯಾಕೆಂದರೆ, ಅವಳಿಗೆ ಏನೂ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತದೆ. ಅದು ಬರುತ್ತದೆ ಎನ್ನುವುದನ್ನು ಅವಳು ನನ್ನ ತಲೆಯ ಮೇಲೆ ನಿಂತು ತೋರಿಸಿದಳು, ನನ್ನ ಸಿಟ್ಟು ಅದಕ್ಕೆ.

ಮಸಾಲೆ ಗೂಡು ಮುಗಿಯಿತು. ಮುಂದಿನ ಗೂಡು ತೆಗೆಯಿರಿ ಅಕ್ಕ, ಬಂದದ್ದಕ್ಕೆ ಮುಗಿಸಿಬಿಡೋಣ ಎಂದಳು. ಇವತ್ತಿಗೆ ಇಷ್ಟು ಸಾಕು, ನನಗೆ ಸುಸ್ತು, ಪುಸ್ತಕವೂ ಒಂದೇ ತಂದಿದ್ದೀಯಲ್ಲ ಎಂದೆ. ಏಳುವಾಗ ಅವಳು ಕೆಂಪು ಪುಸ್ತಕ ಚೀಲಕ್ಕೆ ಹಾಕಲು ಹೋದಳು.

"ಅದ್ಯಾಕ್ ಹೊರ್ತೀಯ, ಮಂಡಿ ನೋವು ಅಂತೀಯ. ಇಲ್ಲೇ ಇರ್ಲಿ. ಪುಟ ಎಷ್ಟವೆ ಅಂತ ನಾನ್ ಎಣ್ಸಿಕ್ತೀನಿ."

ಅವಳಿಗೆ ಅದು ಸರಿ ಅನ್ನಿಸಿತು. ಬಿಟ್ಟು ಹೋದಳು. ಕ್ಯಾಬು ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಪುಸ್ತಕವನ್ನು ತಾತನ ಬೀರುವಿನಲ್ಲಿಟ್ಟೆ. ಖಾಲಿ ಬೀರುವಿನಲ್ಲಿ ಒಂದೇ ಪುಸ್ತಕ ಒರಗಿ ಬೀಳುತ್ತಿತ್ತು, ಪಕ್ಕಕ್ಕೆ ಬೆಲ್ಲದ ಡಬ್ಬಿ ಆನಿಸಿದೆ. ಆವತ್ತು ಎರಡು ಮುದ್ದೆ ಉಂಡೆ.

ಹೀಗೆ ಶುರುವಾಯಿತು. ಬೇಳೆ ಗೂಡಿಗೆ ಒಂದು ದಿನ. ಪಾತ್ರೆ ಗೂಡಿಗೆ ಒಂದು ದಿನ. ನಡುವೆ ಒಂದು ದಿನ ನಾನು ಅಬ್ಬಿಗೆರೆಯ ನೆಂಟರ ಮನೆಗೆ ಹೋಗಬೇಕು ಎಂದು ಮುಂದಕ್ಕೆ ಹಾಕಿದೆ, ಹೋಗಲಿಲ್ಲ. ಪ್ರತಿ ಸಲವೂ ಅವಳು ಯಲಹಂಕದಿಂದ ಒಂದು ಕೆಂಪು ಪುಸ್ತಕ ಹೊತ್ತು ಬರುತ್ತಿದ್ದಳು, ಪ್ರತಿ ಸಲವೂ ಬರಿಗೈಯಲ್ಲಿ ಹೋಗುತ್ತಿದ್ದಳು. ಬೇಳೆ ಗೂಡಿನ ದಿನ ಮಂಡಿ ಉಜ್ಜಿಕೊಳ್ಳುತ್ತಿದ್ದುದನ್ನು ಕಂಡೆ. ಎದ್ದು ಹೋಗಿ ಕುರ್ಚಿಯ ಮೇಲಿನ ಬಟ್ಟೆ ತೆಗೆಯಲು ಕೈಯೂ ಇಟ್ಟೆ. ಸೆಟ್ ಒಡೆಯತ್ತೆ ಎಂದಾಗ ಅವಳು ನಕ್ಕ ನಗು ನೆನಪಾಯಿತು. ಅಲ್ಲೇ ಎರಡು ಬಟ್ಟೆ ಮಡಿಸಿ, ಮತ್ತೆ ಅದೇ ರಾಶಿಯ ಮೇಲಿಟ್ಟು ಬಂದೆ.

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಕಾಲೇಜಿನ ಹುಡುಗಿಯರು ನಿಮಗೆ ಗೊತ್ತಲ್ಲ. ಅವರಲ್ಲೊಬ್ಬಳು ನೀರಿನ ಮೋಟರು ಹಾಕಿ ಎಂದು ಹೇಳಲು ಬಂದವಳು ಬಾಗಿಲಲ್ಲೇ ನಿಂತಳು. ನಾನು ಓದುತ್ತಿದ್ದೇನೆ, ಓರಗಿತ್ತಿ ನೆಲದ ಮೇಲೆ ಕೂತು ಮೊಮ್ಮಗಳು ಕೊಟ್ಟು ಕಳಿಸಿದ ಕಾರ್ಡಿನ ಮೇಲೆ ಬರೆಯುತ್ತಿದ್ದಾಳೆ.

"ಏನಜ್ಜಿ, ಟ್ಯೂಷನ್ ಶುರು ಮಾಡಿದ್ರಾ?" ಎಂದಳು.

"ಊ ಕಣಮ್ಮ. ಒಬ್ರೇ ಸ್ಟೂಡೆಂಟು," ಎಂದೆ.

ಹುಡುಗಿ ನಕ್ಕು ಹೋದಳು. ಓರಗಿತ್ತಿಯ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತಾದ ಮೇಲೆ ಹಸೆಯ ಹಾಡಿನ ಪುಸ್ತಕವನ್ನು ಹೊಂದಿಸುವಾಗ, ಪುಟದ ಸುತ್ತ ಕಟ್ಟಿದ ಬಳ್ಳಿಯ ಅಂಚನ್ನು ಬೆರಳಲ್ಲಿ ಸವರುತ್ತ ಹೇಳಿದಳು, ಭಾವ ಎಷ್ಟು ಚೆನ್ನಾಗಿ ಜೋಡಿಸಿದ್ದಾರಲ್ಲ ಅಕ್ಕ ಎಂದು. ಅವರು ಬದುಕಿದ್ದಾಗ ಒಂದು ದಿನವೂ ಹೇಳದ ಮಾತು. ನನ್ನ ಎದೆಯೊಳಗೆ ಏನೋ ಕದಲಿತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿ ಹೇಳಿದ್ದು ಬೇರೆ. ಅದನ್ನು ಬರೆದುಕೊಳ್ಳಬೇಡ, ಮುಂದಿನದು ಬರೆದುಕೊ ಎಂದೆ.

ಕೊನೆಕೊನೆಗೆ ಅವಳಿಗೆ ಗೊತ್ತಾಯಿತು. ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಹಾಲಿನಲ್ಲಿ ನಿಂತು ಬೀರುವಿನ ಕಡೆ ನೋಡಿದಳು. ಕೆಂಪು ಬೆನ್ನುಗಳು ಸಾಲಾಗಿ ನಿಂತಿದ್ದವು. ಬೆಲ್ಲದ ಡಬ್ಬಿಗೆ ಆಗ ಅಲ್ಲಿ ಜಾಗವಿರಲಿಲ್ಲ.

"ಅಕ್ಕ, ನಮ್ ಶೋಕೇಸ್ ಖಾಲಿ ಆಗಿದೆ. ಬಂದೋರೆಲ್ಲ ಕೇಳ್ತಾರೆ. ಆಗಿರೋವಷ್ಟನ್ನ ಇವತ್ತು ತಗೊಂಡ್ ಹೋಗ್ತೀನಿ."

ಇಷ್ಟು ವರ್ಷ ಕಾದದ್ದು ಈ ಹೊತ್ತಿಗೆ. ಕೈ ಒರೆಸಿಕೊಳ್ಳುವ ನೆವದಲ್ಲಿ ಒಂದು ಕ್ಷಣ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

"ಸೆಟ್ ಒಡೀತದೆ ಕಣಮ್ಮ," ಎಂದೆ.

ಅವಳಿಗೆ ತಕ್ಷಣ ನೆನಪಾಗಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ನಾನು ವರ್ಷಗಟ್ಟಲೆ ಹೊತ್ತುಕೊಂಡಿದ್ದ ಮಾತು ಅವಳಿಗೆ ಆಡಿ ಮರೆತ ಮಾತಾಗಿತ್ತು. ನಿಧಾನವಾಗಿ ಮುಖ ಬದಲಾಯಿತು. ನನ್ನನ್ನು ನೋಡಿದಳು, ಬೀರು ನೋಡಿದಳು.

"ಇಷ್ಟ್ ದಿನ ಇದನ್ನ ಮನಸ್ಸಲ್ಲಿ ಇಟ್ಕೊಂಡಿದ್ರಾ?"

"ಇಟ್ಕೊಂಡಿದ್ದೆ."

"ಕೇಳಿದ್ರೆ ಕೊಡ್ತಿದ್ದೆ ಅಕ್ಕ."

"ಕೇಳಿದ್ದೆ ಕಣಮ್ಮ. ಯುಗಾದಿ ದಿನ."

ಆವತ್ತು ತಂದಿದ್ದ ಪುಸ್ತಕವನ್ನು ಅವಳು ಚೀಲದಿಂದ ತೆಗೆಯದೆ ವಾಪಸು ಹೋಗಬಹುದಿತ್ತು. ಆದರೆ ಹುಡುಗಿ ಪಟ್ಟಿ ಕೊಡುವ ದಿನ ಹತ್ತಿರ ಬಂದಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಚಾಪೆಯ ಮೇಲೆ ಕೂತಳು. ಹೇಳಿದ್ದನ್ನು ಬರೆದುಕೊಂಡಳು. ಕಾಫಿ ಮುಟ್ಟಲಿಲ್ಲ. ಹೋಗುವಾಗ ಪುಸ್ತಕವನ್ನು ತಾನೇ ಒಯ್ದು ಬೀರುವಿನಲ್ಲಿಟ್ಟಳು, ಬಾಗಿಲನ್ನು ಜೋರಾಗಿ ಹಾಕಿದಳು. ಮತ್ತೆ ಬರಲಿಲ್ಲ.

ಇನ್ನು ಒಂದು ಉಳಿದಿತ್ತು. ಅದನ್ನು ಅವಳು ತರುವುದಿಲ್ಲ ಎಂದು ನನಗೆ ಗೊತ್ತಿತ್ತು. ತೆಳುವಾದದ್ದು, ಬೇರೆ ಯಾವುದರ ಜೊತೆಗೂ ಸೇರಿಸದೆ ಒಂಟಿಯಾಗಿ ಬೈಂಡು ಮಾಡಿಸಿದ್ದು. ನನ್ನ ಮೈದುನ ಹುಡುಗನಾಗಿದ್ದಾಗ ಬರೆದ ಕವನಗಳು. ಆಗ ಯಾರೂ ಅಚ್ಚು ಹಾಕಲು ಒಪ್ಪಿರಲಿಲ್ಲ. ನಿಮ್ಮ ತಾತ ಪ್ರೆಸ್ಸಿನ ಯಜಮಾನರನ್ನು ಬೇಡಿಕೊಂಡು, ರಜದ ಭಾನುವಾರಗಳಲ್ಲಿ ಹೋಗಿ ತಾವೇ ಮೊಳೆ ಜೋಡಿಸಿ ಅದನ್ನು ಪುಸ್ತಕ ಮಾಡಿಕೊಟ್ಟರು. ಪ್ರಕಾಶಕರು ಎಂದು ಯಾರದಾದರೂ ಹೆಸರು ಹಾಕಲೇಬೇಕಲ್ಲ. ತಮ್ಮದೇ ಹೆಸರು ಹಾಕಿದರು. ತಮ್ಮ ಹೆಸರಿನ ಅಕ್ಷರಗಳನ್ನು ತಾವೇ ಹೆಕ್ಕಿ ಜೋಡಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆಮೇಲೆ ಮೈದುನ ದೊಡ್ಡ ಆಫೀಸು ಸೇರಿದ. ದೊಡ್ಡ ಪ್ರಕಾಶಕರೊಬ್ಬರು ಮನೆಗೆ ಬಂದು ಕೇಳಿ ತೆಗೆದುಕೊಂಡು ಹೋಗಿ ಪ್ರಕಟಿಸಿದರು ಎಂದು ಬಡಾವಣೆಯ ಸಭೆಗಳಲ್ಲಿ ಹೇಳಿಕೊಂಡು ತಿರುಗಿದ. ಮುಖಪುಟ ಇಲ್ಲದ ಮೇಲೆ ಯಾರು ತಾನೇ ಅಲ್ಲ ಎನ್ನುತ್ತಾರೆ.

ಆ ಮುಖಪುಟವನ್ನು ನಾನು ಡಬ್ಬಿಗಳ ಕೆಳಗೆ ಹಾಸಿರಲಿಲ್ಲ. ದೇವರ ಗೂಡಿನಲ್ಲಿ, ಪಟಗಳ ಹಿಂದೆ ನಿಲ್ಲಿಸಿದ್ದೆ.

ಪಟ್ಟಿ ಕೊಡುವ ಹಿಂದಿನ ದಿನ ಹುಡುಗಿಯೇ ಬಂದಳು, ಆ ತೆಳು ಪುಸ್ತಕ ಹಿಡಿದುಕೊಂಡು. ಅದೂ ಅದೇ ಪ್ರೆಸ್ಸಿನದು, ಬಿಟ್ಟರೆ ಪಟ್ಟಿ ಪೂರ್ತಿಯಾಗುವುದಿಲ್ಲ, ಶೋಕೇಸಿನ ಬೀಗದ ಕೈ ಅಜ್ಜಿ ಕೊಡಲಿಲ್ಲ, ನಮ್ಮ ತಾತ ಸ್ನಾನಕ್ಕೆ ಹೋದಾಗ ಅವರ ಮೇಜಿನ ಖಾನೆಯಿಂದ ಇನ್ನೊಂದು ಬೀಗದ ಕೈ ತೆಗೆದುಕೊಂಡೆ ಎಂದಳು. ನಾನು ಹಾಳೆ ತಂದೆ. ಅವಳಿಗೆ ಉಕ್ತಲೇಖನ ಕೊಡಲಿಲ್ಲ, ಕೈಗೇ ಕೊಟ್ಟೆ. ಪ್ರಕಾಶಕರು ಎನ್ನುವ ಸಾಲಿಗೆ ಬಂದು ಅವಳು ತಲೆ ಎತ್ತಿದಳು. ಆಮೇಲೆ ಬರೆದುಕೊಂಡಳು.

ಹುಡುಗಿ ಮನೆಯಲ್ಲಿ ಪಟ್ಟಿ ತೋರಿಸಿರಬೇಕು, ಆ ಸಂಜೆ ಮೈದುನ ಫೋನು ಮಾಡಿದ. ನಾನು ಮದುವೆಯಾಗಿ ಬಂದಾಗ ಅವನು ಹೈಸ್ಕೂಲು ಹುಡುಗ. ನನ್ನ ಹತ್ತಿರ ಫೋನಿನಲ್ಲಿ ಮಾತಾಡಿದ್ದೇ ಕಡಿಮೆ.

"ಅತ್ತಿಗೆ, ಆ ಒಂದು ಸಾಲು ಬೇಡ ಅಂತ ಮಗೂಗೆ ಹೇಳಿ. ಅದು ಸಂಶೋಧನೆಗೆ ಬರೋವಂಥ ಪುಸ್ತಕ ಅಲ್ಲ."

"ಯಾಕಪ್ಪ, ಚಿನ್ನದಕ್ಸರ ಆಕ್ಸಿ ಇಟ್ಟಿದ್ದೀಯಲ್ಲ."

ಅವನ ಮನೆಯ ಟಿ.ವಿ. ಕೇಳಿಸುತ್ತಿತ್ತು.

"ಪ್ರಕಾಶಕರು ಅಂತ ಅಣ್ಣನ ಹೆಸರು ಇದ್ರೆ ನೋಡಿದೋರು ಏನಂದ್ಕೋತಾರೆ ಅತ್ತಿಗೆ?"

"ನಿಮ್ಮಣ್ಣ ಪ್ರಕಾಶಕರು ಅಂದ್ಕೋತಾರೆ," ಎಂದೆ. ಫೋನು ಇಟ್ಟೆ.

ಹುಡುಗಿ ಪ್ರಾಜೆಕ್ಟನ್ನು ಒಪ್ಪಿಸಿದಳು. ಅದರ ಎರಡು ಪ್ರತಿ ಮಾಡಿಸಿ, ಒಂದನ್ನು ಯಲಹಂಕದಲ್ಲಿಟ್ಟು ಇನ್ನೊಂದನ್ನು ನನಗೆ ತಂದಳು. ಕೊನೆಯ ಪುಟಗಳನ್ನು ತೆಗೆದು ತೋರಿಸಿದಳು. ಎಲ್ಲ ಪುಸ್ತಕಗಳೂ ಅಲ್ಲಿದ್ದವು, ಒಂದರ ಕೆಳಗೆ ಒಂದು, ತಮ್ಮ ತಮ್ಮ ಊರು ಇಸವಿ ಸಮೇತ. ಮೈದುನನ ಕವನಗಳ ಮುಂದೆ ನಿಮ್ಮ ತಾತನ ಹೆಸರು ಅಚ್ಚಾಗಿತ್ತು. ಪಟ್ಟಿಯ ಕೆಳಗೆ, ಈ ಪುಸ್ತಕಗಳು ಎಲ್ಲಿ ನೋಡಲು ಸಿಗುತ್ತವೆ ಎಂದು ಬರೆಯುವ ಕಡೆ, ಮತ್ತಿಕೆರೆ ಎಂದೂ ನನ್ನ ಹೆಸರೂ ಇತ್ತು. ಗೈಡು ಅದನ್ನು ಕೇಳಿದ್ದರಂತೆ. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರನ್ನು ಅಚ್ಚಿನಲ್ಲಿ ನಾನು ನೋಡಿರಲಿಲ್ಲ.

ನಾನು ಮೊದಲು ಕೇಳಿದ ಪ್ರಶ್ನೆ ಯಾವುದು ಗೊತ್ತಾ? ನಿನಗೆ ಎಷ್ಟು ಮಾರ್ಕ್ಸು ಬರಬಹುದು ಎಂದಲ್ಲ.

"ನಿಮ್ಮಜ್ಜಿ ಈ ಪುಟ ನೋಡುದ್ರಾ?"

"ನೋಡಿದ್ರು ಅಜ್ಜಿ."

"ಎಷ್ಟೊತ್ತು ನೋಡುದ್ರು?"

ಹುಡುಗಿ ನನ್ನನ್ನೇ ನೋಡಿದಳು. ಅವಳಿಗೆ ನನ್ನ ಮೇಲೆ ಸ್ವಲ್ಪ ಬೇಸರವಾಗಿರಬೇಕು. "ತುಂಬ ಹೊತ್ತು," ಎಂದಳು.

ಸಾಕು ಎಂದೆ. ಗೌರಿ ಹಬ್ಬಕ್ಕೆ ನೀವೇ ಒಂದು ಸಲ ಅಜ್ಜಿಗೆ ಫೋನು ಮಾಡಿ ಕರೆಯಿರಿ ಎಂದು ಕೇಳಿಕೊಂಡಳು. ನೋಡೋಣ ಎಂದೆ. ಹಬ್ಬ ಬಂತು, ಹೋಯಿತು. ನಾನು ಫೋನು ಮಾಡಲಿಲ್ಲ. ಆಮೇಲೆ ನಾಗಸಂದ್ರದಲ್ಲಿ ಒಂದು ಮದುವೆಯಲ್ಲಿ ಓರಗಿತ್ತಿ ಎದುರಾದಳು, ಮುಖ ತಿರುಗಿಸಿ ಹೂವಿನ ಅಲಂಕಾರ ನೋಡುತ್ತ ನಿಂತಳು. ನಾನು ಅವಳ ಎದುರಿನ ಸಾಲಿನಲ್ಲೇ ಊಟಕ್ಕೆ ಕೂತೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಮನಸ್ಸು ಹಗುರಾಯಿತೇ ಎಂದು ನೀವು ಕೇಳಬಹುದು. ಆಯಿತು. ಪಶ್ಚಾತ್ತಾಪ ಉಂಟೇ ಎಂದರೆ, ಮಂಡಿ ನೋವಿದ್ದವಳನ್ನು ನೆಲದ ಮೇಲೆ ಕೂರಿಸಿದ್ದು ಕೆಲವು ದಿನ ಕಣ್ಣೆದುರು ಬರುತ್ತದೆ. ಆ ಹೊತ್ತಿಗೆ ಎದ್ದು ಹೋಗಿ ಬೀರು ತೆಗೆದು ಒಂದು ಪುಸ್ತಕ ಓದುತ್ತೇನೆ. ಈಗ ಯಾರೂ ಇಲ್ಲದ ಹೊತ್ತು ನೋಡಿ ಓದುವುದಿಲ್ಲ, ಹಾಲಿನಲ್ಲಿ ಬಾಗಿಲು ತೆರೆದಿಟ್ಟೇ ಓದುತ್ತೇನೆ. ಮೇಲಿನ ಮನೆಯ ಹುಡುಗಿಯರು ಹೋಗುತ್ತ ಬರುತ್ತ ನೋಡುತ್ತಾರೆ.

ಗುಂಡೂ, ನಿನ್ನ ಕೈಗೆ ಬಂದ ಕಾಗದ ಉಳಿಯುವುದಿಲ್ಲ, ಆದ್ದರಿಂದ ಈ ಹಾಳೆಗಳು ಪುಟ್ಟಿಯ ಹತ್ತಿರ ಇರಲಿ. ಪುಟ್ಟೀ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಿನ್ನ ಮಾರ್ಕ್ಸ್ ಕಾರ್ಡುಗಳ ಜೊತೆಗೆ ಜೋಪಾನವಾಗಿ ಇಟ್ಟುಕೊ, ನೆನೆಯದ ಹಾಗೆ, ಹುಳ ಹಿಡಿಯದ ಹಾಗೆ. ನಾನಿಲ್ಲದ ಕಾಲಕ್ಕೆ ಯಲಹಂಕದವರು ಯಾರಾದರೂ ಬಂದು ಈ ಹಾಳೆಗಳನ್ನು ಕೇಳಿದರೆ ಇಲ್ಲ ಎನ್ನಬೇಡ. ಕೂರಿಸಿ, ಕಾಫಿ ಕೊಟ್ಟು, ಓದಲು ಕೊಡು. ಓದಿ ಮುಗಿಸಿದ ಮೇಲೆ ಅವರ ಕೈಯಿಂದ ವಾಪಸು ಇಸಿದುಕೊ.